ಬ್ಯಾಕ್‌ಹಿಲ್ ಹೋರಿಯ ತಂದೆ

ಹೋರಿಯ ಕಾಲು ಎರಡು ಬೆರಳಿನಷ್ಟು ಹೆಚ್ಚು ಉದ್ದ ಬೆಳೆದದ್ದೇ ಆವತ್ತಿನ ಫಜೀತಿಗೆಲ್ಲ ಮೂಲ.

ಬೇರೆ ಕಡೆಯಾದರೆ ಹೋರಿ ಬೆಳೆಯಿತು ಅಂತ ಜನ ಸಂತೋಷಪಡುತ್ತಾರೆ. ಡಾನ್ ನದಿಯ ಈ ದಂಡೆಯಲ್ಲಿ ಹಾಗಲ್ಲ. ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಸಮುದ್ರ ದಾಟಿ ಪರ್ತ್ ಸಂತೆಗೆ ಬರುವ ಅರ್ಜೆಂಟೀನಾದ ಸಾಹುಕಾರರಿಗೆ ಗಿಡ್ಡ ಕಾಲಿನ, ಪೆಟ್ಟಿಗೆಯಂಥ ಶಾರ್ಟ್‌ಹಾರ್ನ್ ತಳಿಯ ಹೋರಿಗಳೇ ಬೇಕು. ಅವರನ್ನು ನೋಡಿ ಸೀಮೆಗೆ ಸೀಮೆಯೇ ಗಿಡ್ಡದ ಹಿಂದೆ ಬಿದ್ದಿತ್ತು. ಹೊಟ್ಟೆ ಹುಲ್ಲಿಗೆ ತಾಗಬೇಕು, ಬೆನ್ನ ಮೇಲೆ ಚಹಾದ ಬಟ್ಟಲಿಟ್ಟರೆ ತುಳುಕಬಾರದು, ಅದು ಹೋರಿ. ಹೆಕ್ಟರ್ ಗಾಲ್ಡನ ಹೋರಿಯೋ, ಹದಿನಾಲ್ಕು ತಿಂಗಳಿಗೇ ಅಣ್ಣನ ಪ್ಯಾಂಟು ಹಾಕಿಕೊಂಡು ಮದುವೆಗೆ ಬಂದ ಹುಡುಗನ ಹಾಗೆ ಕಾಲೇ ಕಾಲಾಗಿ ನಿಂತಿತ್ತು.

ಹೆಕ್ಟರನ ಹೊಲದ ಹೆಸರು ಬ್ಯಾಕ್‌ಹಿಲ್. ಅಲ್ಲಿ ರೈತನನ್ನು ಹೊಲದ ಹೆಸರಿನಿಂದಲೇ ಕೂಗುವುದು. ಅವನನ್ನು ಹೆಕ್ಟರ್ ಅನ್ನುತ್ತಿದ್ದವರು ಹೆಂಡತಿ ಟೀನಿ, ಮೇಲಿನ ದೇವರು, ಮತ್ತೆ ತೆರಿಗೆಯವರು, ಇಷ್ಟೇ. ಉಳಿದವರಿಗೆಲ್ಲ ಅವನು ಬ್ಯಾಕ್‌ಹಿಲ್, ಮತ್ತು ಬ್ಯಾಕ್‌ಹಿಲ್ ಅಂದರೆ ಒಂದು ನಗೆ. ಅವನಪ್ಪ ಮೂರು ಸಲ ಹೋರಿ ಸಾಕಿ ಸರ್ಕಾರದ ತಪಾಸಣೆಗೆ ನಿಲ್ಲಿಸಿದ್ದ. ಮೂರೂ ಸಲ ಬೀಜ ಒಡೆಸಬೇಕಾಗಿ ಬಂತು. 'ಬ್ಯಾಕ್‌ಹಿಲ್‌ನಲ್ಲಿ ಹೋರಿ ಹುಟ್ಟುತ್ತೆ, ಎತ್ತು ಸಾಯುತ್ತೆ' ಅನ್ನುವುದು ಊರಿನ ಗಾದೆಯಾಗಿತ್ತು. ಮುದುಕ ಆ ಗಾದೆ ಕೇಳುತ್ತ ಕೇಳುತ್ತಲೇ ಕಣ್ಣು ಮುಚ್ಚಿದ.

ಇವತ್ತು ಮಧ್ಯಾಹ್ನ ಮತ್ತೆ ತಪಾಸಣೆ. ಅಧಿಕಾರಿ ಒಪ್ಪಿದರೆ ಹೋರಿಯ ಕಿವಿಗೆ ಕಿರೀಟದ ಅಚ್ಚು, ತಳಿಗೆ ಯೋಗ್ಯ ಅಂತ ಅಪ್ಪಣೆ. ಒಪ್ಪದಿದ್ದರೆ ಇನ್ನೊಂದು ಅಚ್ಚು, ತಿಂಗಳೊಳಗೆ ದನದ ಡಾಕ್ಟರ ಚಾಕು. ಕಾಗದದಲ್ಲಿ ಹೋರಿಯ ಹೆಸರು ಬ್ಯಾಕ್‌ಹಿಲ್ ಬ್ರಿಗೇಡಿಯರ್. ಟೀನಿ ಮಾತ್ರ ಅದನ್ನು ಪುಟ್ಟ ಅನ್ನುತ್ತಿದ್ದಳು. ಕೆಂಪು ಬಿಳಿ ಕೂದಲು ರಾಗಿಗೆ ಅಕ್ಕಿ ಬೆರೆಸಿ ಚೆಲ್ಲಿದ ಹಾಗೆ ಬೆರೆತ ಮೈ, ಹಣೆಯ ಮೇಲೆ ಗುಂಗುರು, ಕರೆದರೆ ಬಂದು ಜೇಬು ಮೂಸುವ ಗುಣ.

ಬೆಳಿಗ್ಗೆ ಹೆಕ್ಟರ್ ಕೋಲು ಹಿಡಿದು ಅದರ ಕಾಲನ್ನು ಮತ್ತೆ ಅಳೆಯುತ್ತಿದ್ದಾಗ ಇಸೀ ಪಿರೀ ಬಂದಳು. ದಾರಿಯ ತಿರುವಿನ ಮನೆಯ ವಿಧವೆ. ಒಂದು ಬೆಕ್ಕು ಬಿಟ್ಟರೆ ಅವಳಲ್ಲಿ ನಾಲ್ಕು ಕಾಲಿನದು ಯಾವುದೂ ಇರಲಿಲ್ಲ. ಆದರೂ ಊರಿನ ಅಷ್ಟೂ ದನಗಳ ಅಜ್ಜಿ ಮುತ್ತಜ್ಜಿಯರು ಅವಳಿಗೆ ಬಾಯಿಪಾಠ.

"ಎಷ್ಟು ಸಲ ಅಳೆದರೂ ಕಾಲು ಕಾಲೇ, ಬ್ಯಾಕ್‌ಹಿಲ್," ಅಂದಳು. "ರಾತ್ರಿ ಹೊತ್ತು ಗೊಬ್ಬರ ಹಾಕ್ತೀಯಾ ಅದಕ್ಕೆ?"

"ಬೆಳೆದಿದ್ದು ನನ್ನ ತಪ್ಪಾ, ಇಸೀ?"

"ತಪ್ಪು ಅಂತ ಯಾರಂದ್ರು? ಮುಚ್ಚು ಅಂದೆ ಅಷ್ಟೆ. ಮೊಣಕಾಲು ಮುಳುಗೋ ಹಾಗೆ ಒಣಹುಲ್ಲು ಹಾಸು. ಪಕ್ಕದ ಮೇನ್ಸ್‌ನವರು ಆ ಸುಲ್ತಾನ್ ಹೋರಿನ ತೋರಿಸಿದಾಗ ಹಾಗೇ ಮಾಡಿದ್ದು."

ಸುಲ್ತಾನ್ ಅನ್ನುವ ಹೆಸರು ಬಿದ್ದದ್ದೇ ತಡ, ಹೆಕ್ಟರನ ಕೈಯ ಕೋಲು ಜಾರಿ ಸಗಣಿಗೆ ಬಿತ್ತು. ಇಸೀ ಮಾತು ನಿಲ್ಲಿಸಲಿಲ್ಲ. ಸುಲ್ತಾನ್ ಎಂಥ ಚೆಲುವ, ಪಾಪ ಮೇನ್ಸ್‌ನಲ್ಲಿ ಒಂದೇ ಬೇಸಿಗೆ ಇದ್ದ, ಅದೇ ವರ್ಷ ಅವರ ಹಸುಗಳೆಲ್ಲ ಕೈಕೊಟ್ಟು ಕಟುಕನ ಪಾಲಾದವು, ಮೇವಿನ ಟರ್ನಿಪ್‌ಗೆ ಮಂಜು ಹೊಡೆದದ್ದೇ ಕಾರಣವಂತೆ, ಆಮೇಲೆ ಸುಲ್ತಾನ್ ದೂರದ ಕೇತ್‌ನೆಸ್ ಸೀಮೆಗೆ ಹೋದ, ಅಲ್ಲಿಯವರು ಪುಣ್ಯವಂತರು ಅಂತ ಹೇಳುತ್ತಲೇ ಇದ್ದಳು. ಹೆಕ್ಟರನ ಕಿವಿಗೆ ಒಂದೂ ಹೋಗಲಿಲ್ಲ. ಅವನು ಕೋಲು ಎತ್ತಿ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ, ಒರೆಸಿದ ಕಡೆಯೇ ಮತ್ತೆ ಒರೆಸುತ್ತಿದ್ದ.

ಅದಕ್ಕೊಂದು ಕಾರಣವಿತ್ತು. ಎರಡು ಬೇಸಿಗೆಯ ಹಿಂದೆ ಹೆಕ್ಟರ್ ತನ್ನ ಕೆಂಪು ಹಸು ಮೇಜಿಯನ್ನು ಊರ ದೊರೆಯ ಎಸ್ಟೇಟಿಗೆ ನಡೆಸಿಕೊಂಡು ಹೋಗಿ ಅವನ ಬಿಳಿ ಹೋರಿಗೆ ಕೊಡಿಸಿ, ಕಾಗದ ಬರೆಸಿಕೊಂಡು ಬಂದಿದ್ದ. ಅಲ್ಲಿಯವರೆಗೆ ಎಲ್ಲ ಸರಿ. ಮಾರನೆಯ ದಿನ ಸಂಜೆ ನೋಡಿದರೆ, ಪಕ್ಕದ ದೊಡ್ಡ ಹೊಲ ಮೇನ್ಸ್‌ಗೂ ಅವನಿಗೂ ನಡುವಿನ ಕಲ್ಲುಗೋಡೆಯ ಮೇಲಿನ ಸಾಲು ಬಿದ್ದಿದೆ, ಮೇಜಿಯ ಪಕ್ಕದಲ್ಲಿ ಸುಲ್ತಾನ್ ನಿಂತಿದ್ದಾನೆ. ಏನಾಯಿತೋ ಹೆಕ್ಟರ್ ಕಣ್ಣಾರೆ ಕಾಣಲಿಲ್ಲ. ಸುಲ್ತಾನನ ಮುಖ ಮಾತ್ರ ಊಟ ಮುಗಿಸಿ ಬಾಯಿ ಒರೆಸಿಕೊಳ್ಳುವವನ ಹಾಗಿತ್ತು. ಒಂದೇ ಬೆದೆಯಲ್ಲಿ ಹಸುವಿನ ಬಳಿ ಎರಡು ಹೋರಿ ಬಂದರೆ ಹುಟ್ಟಿದ ಕರುವಿಗೆ ತಂದೆಯೇ ಇಲ್ಲ ಅನ್ನುವುದು ತಳಿಯವರ ನಿಯಮ. ಎರಡೂ ಚೊಕ್ಕ ತಳಿಯಾದರೂ ಅಷ್ಟೆ, ಅಂಥ ಕರುವಿಗೆ ಅಪ್ಪಣೆ ಸಿಗುವುದಿಲ್ಲ. ಹೆಕ್ಟರ್ ಸುಲ್ತಾನನನ್ನು ಅಟ್ಟಿ, ಕಲ್ಲುಗಳನ್ನು ತಾನೇ ಮೇಲಿಟ್ಟು, ಬಾಯಿ ಮುಚ್ಚಿಕೊಂಡ. ಹೇಳಿದ್ದು ಟೀನಿಗೆ ಮಾತ್ರ.

"ನೀನು ಏನು ನೋಡಿದೆ?" ಅಂತ ಅವಳು ಕೇಳಿದ್ದಳು. "ಎರಡು ದನ ನಿಂತಿದ್ದನ್ನ ನೋಡಿದೀಯ, ಅಷ್ಟೆ. ನಿಲ್ಲೋದು ಪಾಪ ಅಲ್ಲ."

ಟೀನಿಗೆ ಅದು ಅಲ್ಲಿಗೆ ಮುಗಿಯಿತು. ಹೆಕ್ಟರನನ್ನು ಬೆಳೆಸಿದ ತಾಯಿ ಬೇರೆ ಥರದವಳು. ಅವಳು ಒಲೆಯ ಮುಂದೆ ಕೂರಿಸಿಕೊಂಡು ಕೀರ್ತನೆಗಳನ್ನು ಬಾಯಿಪಾಠ ಹೇಳಿಸುತ್ತಿದ್ದಳು. ಒಂದು ಸಾಲು ತಪ್ಪಿದರೆ ಒಂದು ಸಲ ಕಿವಿ ಹಿಂಡುತ್ತಿದ್ದಳು. ಹಾಗೆ ಕಲಿತದ್ದು ರಕ್ತಕ್ಕೆ ಇಳಿಯುತ್ತದೆ. ಹಾಲು ಕರೆಯುವಾಗ, ಟರ್ನಿಪ್ ಕೊಚ್ಚುವಾಗ, ಸತ್ಯವಂತನ ಬಗ್ಗೆ ಹೇಳುವ ಸಾಲುಗಳು ಕರೆಯದೆ ಬಂದು ಎದುರಿಗೆ ಕೂರುತ್ತಿದ್ದವು. ಕಿವಿ ತಾನಾಗಿಯೇ ಉರಿಯುತ್ತಿತ್ತು.

ಬಿಸಿಲೇರುವ ಹೊತ್ತಿಗೆ ಕರಿಕೋಟು ತೊಟ್ಟು ಮೇನ್ಸ್‌ನ ಡೇವಿಡ್ ಎಸಲ್ಮಾಂಟ್ ಬಂದ. ದೊಡ್ಡ ರೈತ, ಚರ್ಚಿನ ಸಭೆಯ ಹಿರಿಯ. ಬರುವ ಭಾನುವಾರ ಪ್ರಭುಭೋಜನ, ಚರ್ಚಿನಲ್ಲಿ ಎಲ್ಲರೂ ಪವಿತ್ರ ರೊಟ್ಟಿ ಮುರಿದು ತಿನ್ನುವ ದಿನ. ಅದಕ್ಕೆ ಮೊದಲು ಹಿರಿಯನಾದವನು ಮನೆಮನೆಗೆ ಹೋಗಿ, ಎರಡು ಒಳ್ಳೆಯ ಮಾತು ಹೇಳಿ, ಭೋಜನದ ಚೀಟಿ ಕೊಟ್ಟು ಬರಬೇಕು. ಚೀಟಿ ಇಲ್ಲದವನಿಗೆ ಆ ರೊಟ್ಟಿಯೂ ಇಲ್ಲ, ಊರಿನಲ್ಲಿ ಮುಖವೂ ಇಲ್ಲ.

ಟೀನಿ ಒಳಗೆ ಕರೆದು ಚಹಾ ಕೊಟ್ಟಳು. ಎಸಲ್ಮಾಂಟ್ ಟೋಪಿ ಮೊಣಕಾಲ ಮೇಲಿಟ್ಟುಕೊಂಡು ಪ್ರತಿ ವರ್ಷ ಕೇಳುವುದನ್ನೇ ಕೇಳಿದ.

"ದೇವರ ಜೊತೆ, ನೆರೆಯವರ ಜೊತೆ ಬಾಕಿ ಏನೂ ಇಲ್ಲ ತಾನೇ, ಬ್ಯಾಕ್‌ಹಿಲ್?"

ಪ್ರತಿ ವರ್ಷ ಎಲ್ಲರೂ 'ಇಲ್ಲ' ಅನ್ನುತ್ತಾರೆ. ಹೆಕ್ಟರನಿಗೆ ಓಟ್ಸ್ ರೊಟ್ಟಿಯ ಚೂರು ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಟೀನಿ ಬೆನ್ನಿಗೆ ಎರಡು ಗುದ್ದಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ.

"ಇದ್ದರೆ ಭಾನುವಾರದೊಳಗೆ ಹೇಳಿ ಹಗುರಾಗು," ಅಂದ ಎಸಲ್ಮಾಂಟ್. ಅವನ ದನಿ ಜೇನು ಸವರಿದ ಹಾಗಿತ್ತು. "ಒಳಗೆ ಮುಳ್ಳು ಇಟ್ಕೊಂಡು ರೊಟ್ಟಿ ಮುರಿದವನಿಗೆ ಅದು ಹೊಟ್ಟೇಲಿ ಕಲ್ಲಾಗುತ್ತೆ. ನಾನು ಇಷ್ಟು ವರ್ಷದಲ್ಲಿ ಕಂಡಿದ್ದು ಅದನ್ನೇ."

"ಅವನ ಹೊಟ್ಟೇಲಿ ಇರೋದು ನಾನು ಮಾಡಿದ ರೊಟ್ಟಿ," ಅಂದಳು ಟೀನಿ. "ಕಲ್ಲು ಅಂತ ಇದುವರೆಗೆ ಯಾರೂ ಅಂದಿಲ್ಲ."

ಎಸಲ್ಮಾಂಟ್ ಚೀಟಿ ಕೊಟ್ಟ. ಹೆಕ್ಟರ್ ಅದನ್ನು ಕೆಂಡ ಹಿಡಿದಂತೆ ಹಿಡಿದು ಎದೆಯ ಜೇಬಿಗೆ ಹಾಕಿಕೊಂಡ. ಇಬ್ಬರೂ ಹೊರಗೆ ಬಂದರು, ಮತ್ತು ಅಂಗಳದಲ್ಲಿ ನಿಂತುಬಿಟ್ಟರು.

ಪುಟ್ಟ ನೀಲಿಯಾಗಿತ್ತು.

"ಬಿಳಿ ಕೂದಲು ಮಾಸಿತ್ತು," ಅಂದಳು ಇಸೀ, ತೋಳು ಮಡಿಸಿಕೊಂಡು, ಬಕೆಟ್ಟಿನ ಪಕ್ಕದಲ್ಲಿ ನಿಂತು. "ಸೋಪು ಹಾಕಿ ತಿಕ್ಕಿ, ಕೊನೆಗೆ ಒಂಚೂರು ನೀಲಿ ನೀರು ಹುಯ್ದೆ. ಪಾದ್ರಿಯವರ ಅಂಗಿಗೆ ಎಷ್ಟು ಹಾಕ್ತೀನೋ ಅಷ್ಟೇ."

"ಪಾದ್ರಿಯವರ ಅಂಗಿಗೆ ಕೊಂಬಿಲ್ಲ, ಇಸೀ," ಅಂದ ಹೆಕ್ಟರ್. ಅವನ ದನಿ ಬಾವಿಯೊಳಗಿನಿಂದ ಬಂದಂತಿತ್ತು.

ಆ ಸೀಮೆಯಲ್ಲಿ ನೀಲಿ ದನ ಅಂದರೆ ಒಂದೇ ಅರ್ಥ: ಶಾರ್ಟ್‌ಹಾರ್ನ್‌ಗೆ ಗ್ಯಾಲೊವೇ ಸೀಮೆಯ ಕರಿ ದನದ ಬೆರಕೆ. ಮಾಂಸಕ್ಕೆ ಒಳ್ಳೆಯದು, ತಳಿಗೆ ನಾಚಿಕೆ. ತಾನು ಎರಡು ವರ್ಷದಿಂದ ಮುಚ್ಚಿಟ್ಟದ್ದನ್ನು ಯಾರೋ ಹೋರಿಯ ಮೈಮೇಲೆ ಬಣ್ಣದಲ್ಲಿ ಬರೆದಿಟ್ಟ ಹಾಗೆ ಹೆಕ್ಟರನಿಗೆ ಕಂಡಿತು. ಅವನು ತಣ್ಣೀರು ತಂದು ಸುರಿದ. ನೀಲಿ ಇಳಿದು ಹೊಟ್ಟೆಯ ಕೆಳಗೆ ನಿಂತಿತು. ಇನ್ನೊಂದು ಬಕೆಟ್ ಸುರಿದ. ಪುಟ್ಟ ಮೈ ಒದರಿದ್ದಕ್ಕೆ ಎಸಲ್ಮಾಂಟನ ಕರಿಕೋಟಿನ ಮೇಲೂ ನಕ್ಷತ್ರಗಳು ಮೂಡಿದವು.

"ಒಳಗೆ ಕಟ್ಟು, ಒಳಗೆ ಕಟ್ಟು," ಅಂದಳು ಇಸೀ. "ಕತ್ತಲಲ್ಲಿ ಕಾಣಲ್ಲ. ಹುಲ್ಲು ಜಾಸ್ತಿ ಹಾಸು."

ಹಾಸಿದ್ದು ಜಾಸ್ತಿಯೇ ಆಯಿತು. ಮೊಣಕಾಲಿಗೆ ಅಂದುಕೊಂಡದ್ದು ಹೊಟ್ಟೆಯವರೆಗೆ ಬಂತು. ಹೋರಿ ದೋಣಿಯ ಹಾಗೆ ಹುಲ್ಲಿನ ಮೇಲೆ ತೇಲುತ್ತ, ತನಗಾಗಿ ಇಷ್ಟೆಲ್ಲ ಬಡಿಸಿದ್ದಾರೆ ಅಂದುಕೊಂಡು ತಿನ್ನಲು ಶುರುಮಾಡಿತು. ಅಷ್ಟರಲ್ಲಿ ಏರಿನ ಮೇಲೆ ಕಾರಿನ ಸದ್ದು ಕೇಳಿಸಿತು. ಅಧಿಕಾರಿ ಹೇಳಿದ್ದಕ್ಕಿಂತ ಮೊದಲೇ ಬಂದಿದ್ದ.

ಅವನ ಹೆಸರು ಲೀಸ್ಕ್. ಉಪ್ಪು ಹಾಕದ ಗಂಜಿಯಂಥ ಮುಖ. ಕಳೆದ ತಿಂಗಳು ಅವನು ಪಕ್ಕದ ಕಣಿವೆಯಲ್ಲಿ ನೋಡಿದ ಹೋರಿಗಳಲ್ಲಿ ಒಂದನ್ನೂ ಒಪ್ಪಿರಲಿಲ್ಲ ಅನ್ನುವ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದ.

"ಇದು ನಿಂತಿದೆಯಾ, ಮಲಗಿದೆಯಾ?"

"ನಿಂತಿದೆ, ಲೀಸ್ಕ್ ಅವರೇ," ಅಂದ ಹೆಕ್ಟರ್.

"ಹೊರಗೆ ತನ್ನಿ. ನಾನು ಬಂದಿದ್ದು ಹುಲ್ಲು ನೋಡೋಕಲ್ಲ."

ಬೆಳಕಿಗೆ ತಂದ ಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ನಾಲ್ಕು ಉದ್ದ ಕಾಲು, ಹೊಟ್ಟೆಯ ಕೆಳಗೆ ಆಕಾಶ. ಲೀಸ್ಕ್ ಹತ್ತಿರ ಹೋಗಿ ಒಂದು ಬೆರಳಿನಿಂದ ಹೊಟ್ಟೆಯನ್ನು ಉಜ್ಜಿ, ಬೆರಳನ್ನು ಮೂಸಿದ.

"ಇದರ ವಂಶದಲ್ಲಿ ಗ್ಯಾಲೊವೇ ಇಲ್ಲ," ಅಂದ. "ಬಟ್ಟೆ ಒಗೆಯೋ ತೊಟ್ಟಿ ಇದೆ."

ಇಸೀ ಪಿರೀ ಬೆನಾಹಿ ಬೆಟ್ಟದ ಕಡೆಗೆ ನೋಡಿದಳು, ಅಲ್ಲಿ ಮಳೆ ಬರುತ್ತದೋ ಏನೋ ಅನ್ನುವ ಹಾಗೆ.

ಆಮೇಲೆ ಲೀಸ್ಕ್ ಕೆಲಸಕ್ಕೆ ಇಳಿದ. ಬಾಯಿ ಬಿಡಿಸಿ ಹಲ್ಲು ನೋಡಿದ. ಎದೆಯ ಸುತ್ತ ಅಳತೆಪಟ್ಟಿ ಹಿಡಿದ, ಹೆಗಲಿನಿಂದ ಬಾಲದ ಬುಡದವರೆಗೆ ಹಿಡಿದ. ಬೆನ್ನಿನ ಮೇಲೆ ಅಂಗೈ ಎಳೆದ. ಹಿಂಗಾಲಿನ ಕೀಲುಗಳನ್ನು ಒತ್ತಿ ನೋಡಿದ. ಹಿಂದಿನಿಂದ ಕೈ ಹಾಕಿ, ಅಲ್ಲಿರಬೇಕಾದ ಎರಡೂ ಸರಿಯಾದ ಗಾತ್ರಕ್ಕೆ ಇವೆಯೇ ಎಂದು ತೂಗಿ ನೋಡಿದ. ಇಸೀ ಮುಖ ತಿರುಗಿಸಿದಳು, ಪೂರ್ತಿಯಾಗಿ ಅಲ್ಲ. "ನಡೆಸಿ," ಅಂದ. ಹೆಕ್ಟರ್ ನಡೆಸಿದ. ಪುಟ್ಟ ಅಂಗಳದ ತುದಿಯವರೆಗೆ ದಾಪುಗಾಲು ಹಾಕಿ ಹೋಗಿ, ತಿರುಗಿ ಬಂದು, ಲೀಸ್ಕನ ಜೇಬು ಮೂಸಿತು.

"ಕಾಲು," ಅಂದ ಲೀಸ್ಕ್.

"ಗೊತ್ತು, ಲೀಸ್ಕ್ ಅವರೇ. ಸ್ವಲ್ಪ..."

"ಯಾಕೆ ಮುಚ್ಚಿದಿರಿ?"

ಇಸೀ ಬಕೆಟ್ಟನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ತಳ್ಳಿದಳು.

"ಎಲ್ಲಾ ಕಡೆ ಚಹಾದ ಮೇಜು ನೋಡಿ ನೋಡಿ ಕಣ್ಣು ಸೋತಿದೆ ನನಗೆ," ಅಂದ ಲೀಸ್ಕ್. "ಕಾಲೇ ಇಲ್ಲದ ಹೋರಿ ಹಸುವನ್ನ ಹೇಗೆ ಮುಟ್ಟುತ್ತೆ? ಏಣಿ ಹಾಕ್ಕೊಂಡಾ? ಅರ್ಜೆಂಟೀನಾದವರು ಇನ್ನೆರಡು ವರ್ಷ ಬರ್ತಾರೆ, ಆಮೇಲೆ ಬರಲ್ಲ. ಆಗ ಬೇಕಾಗೋದು ಇಂಥದ್ದು." ಪಟ್ಟಿ ಸುತ್ತಿ ಜೇಬಿಗಿಟ್ಟುಕೊಂಡ. "ವಯಸ್ಸಿಗೆ ತೂಕ ಇದೆ, ಬೆನ್ನು ನೆಟ್ಟಗಿದೆ, ನಡಿಗೆ ಇದೆ. ಪರವಾಗಿಲ್ಲ."

ಅಂಗಳದಲ್ಲಿದ್ದವರಿಗೆ ಅಷ್ಟು ಸಾಕಾಯಿತು. ಸ್ವರ್ಗದ ಬಾಗಿಲು ತೆರೆದು ತೋರಿಸಿದರೂ 'ಪರವಾಗಿಲ್ಲ' ಅನ್ನುವ ಜನ ಅವರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿಲ್ಲ. ಲೀಸ್ಕನ ಬಾಯಿಂದ ಅದು ಬಂದದ್ದನ್ನು ಕೇಳಿದವರೇ ಇರಲಿಲ್ಲ. ಟೀನಿ ಏಪ್ರನ್ನಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು. ಎಸಲ್ಮಾಂಟ್ ಹೋರಿಯ ಕಾಲುಗಳನ್ನು ಆಗತಾನೇ ಹುಟ್ಟಿದ್ದೇನೋ ಅನ್ನುವ ಹಾಗೆ ಮತ್ತೊಮ್ಮೆ ನೋಡಿದ. ಹೆಕ್ಟರನಿಗೆ ಅಪ್ಪ ನೆನಪಾದ. ಸಮಾಧಿಯ ಹತ್ತಿರ ಹೋಗಿ ಹೇಳಬೇಕು, ಒಂದೇ ಮಾತು ಸಾಕು ಅಂದುಕೊಂಡ.

ಲೀಸ್ಕ್ ಕಾರಿನಿಂದ ಚೀಲ ತಂದು, ಕಿರೀಟದ ಅಚ್ಚಿನ ಇಕ್ಕಳ ತೆಗೆದು ಗೋಡೆಯ ಮೇಲಿಟ್ಟ. ವಂಶದ ಕಾಗದ ಬಿಡಿಸಿದ.

"ತಾಯಿ ಬ್ಯಾಕ್‌ಹಿಲ್ ಮೇಜಿ. ತಂದೆ ಎಸ್ಟೇಟಿನ ಬಿಳಿ ಹೋರಿ. ಅಜ್ಜಿ, ಸರಿ. ಮುತ್ತಜ್ಜಿ, ಸರಿ." ತಲೆಯೆತ್ತದೆ, ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದ. "ಹಸುವಿನ ಹತ್ತಿರ ಬೇರೆ ಹೋರಿ ಬಂದಿರಲಿಲ್ಲ ತಾನೇ?"

"ಇಲ್ಲ," ಅಂದಳು ಟೀನಿ.

"ಅವರನ್ನ ಕೇಳಿದ್ದು."

ಎದೆಯ ಜೇಬಿನಲ್ಲಿ ಭೋಜನದ ಚೀಟಿ ಇತ್ತು. ಅದಕ್ಕೆ ತೂಕವೇ ಇಲ್ಲ, ಬರೀ ರಟ್ಟಿನ ಚೂರು. ಹೆಕ್ಟರನಿಗೆ ಅದು ಗೋಡೆಯ ಕಲ್ಲಿನಷ್ಟು ಭಾರವಾಯಿತು. 'ಇಲ್ಲ' ಅನ್ನಲು ಅವನು ಬಾಯಿ ತೆರೆದ. ಎದುರಿಗೆ ಕರಿಕೋಟಿನ ಎಸಲ್ಮಾಂಟ್ ನಿಂತಿದ್ದ. ನೆನಪಿನಲ್ಲಿ ಒಲೆಯ ಮುಂದೆ ತಾಯಿ ಕೂತಿದ್ದಳು. ಕಿವಿ ಉರಿಯಿತು.

"ಬಂದಿತ್ತು," ಅಂದ ಹೆಕ್ಟರ್.

ಟೀನಿ ಕಣ್ಣು ಮುಚ್ಚಿದಳು.

ಹೇಳತೊಡಗಿದ ಮೇಲೆ ನಿಲ್ಲಲಿಲ್ಲ. ಗೋಡೆಯ ಕಲ್ಲು, ಸುಲ್ತಾನ್, ಅವನ ಮುಖ, ಕಲ್ಲು ಮತ್ತೆ ಮೇಲಿಟ್ಟದ್ದು, ಗೊತ್ತಿದ್ದೂ ತಂದೆ ಬಿಳಿ ಹೋರಿ ಅನ್ನುವ ಕಾಗದಕ್ಕೆ ಸಹಿ ಹಾಕಿದ್ದು, ಎಲ್ಲ. ಹೇಳಿ ಮುಗಿಸಿದಾಗ ಅವನಿಗೆ ನಿಜವಾಗಿಯೂ ಹಗುರ ಅನ್ನಿಸಿತು. ಒಂದು ಉಸಿರಿನಷ್ಟು ಹೊತ್ತು.

ಲೀಸ್ಕ್ ಪೆನ್ನಿನ ಮುಚ್ಚಳ ಹಾಕಿದ. "ನೀವು ಹೇಳದೆ ಇದ್ದಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ."

"ದೇವರಿಗೆ ಗೊತ್ತಿತ್ತು, ಲೀಸ್ಕ್ ಅವರೇ."

"ದೇವರು ಅಪ್ಪಣೆ ಕೊಡೋ ಹಾಗಿದ್ದರೆ ನಾನು ಇಷ್ಟು ದೂರ ಬರ್ತಿರಲಿಲ್ಲ." ಅವನಿಗೂ ಬೇಸರವಾಗಿತ್ತು. ಎಸಲ್ಮಾಂಟನ ಕಡೆ ತಿರುಗಿದ. "ಆ ಹೋರಿ ನಿಮ್ಮದು, ಮೇನ್ಸ್. ನಿಮಗೇನಾದರೂ ಗೊತ್ತಿದೆಯಾ? ಈ ಕರು ಅದರದ್ದಲ್ಲ ಅಂತ ಹೇಳೋಕೆ ಏನಾದರೂ ಇದ್ದರೆ ಈಗಲೇ ಹೇಳಿ."

ಎಲ್ಲರೂ ಎಸಲ್ಮಾಂಟನ ಮುಖ ನೋಡಿದರು. ಅವನು ಟೋಪಿ ತೆಗೆದು, ಅದರ ಒಳಗೆ ನೋಡಿ, ಮತ್ತೆ ಹಾಕಿಕೊಂಡ.

"ನೆರೆಯವನು ಇಷ್ಟು ದೊಡ್ಡ ಮನಸ್ಸು ಮಾಡಿ ಸತ್ಯ ಹೇಳಿದಾಗ ನಾನು ನಡುವೆ ಬಾಯಿ ಹಾಕೋದು ಶೋಭೆ ಅಲ್ಲ," ಅಂದ.

ಲೀಸ್ಕ್ ಕಿರೀಟದ ಇಕ್ಕಳವನ್ನು ಚೀಲಕ್ಕೆ ಹಾಕಿ ಇನ್ನೊಂದನ್ನು ತೆಗೆದ.

ಕಾರು ಇಳಿಜಾರಿನಲ್ಲಿ ಮರೆಯಾಗುವ ಮೊದಲೇ ಇಸೀ ಬಕೆಟ್ ಎತ್ತಿಕೊಂಡು ಹೊರಟಳು. ಅವಳಿಗೆ ಸಂಜೆಯೊಳಗೆ ಊರಿನ ಅಷ್ಟೂ ಬಾಗಿಲು ಬಡಿಯುವುದಿತ್ತು. ಟೀನಿ ಪುಟ್ಟನ ಕಿವಿಗೆ ಹಂದಿಕೊಬ್ಬು ಸವರುತ್ತ ನಿಂತಳು. ಗಂಡನ ಕಡೆ ನೋಡಲೂ ಇಲ್ಲ. ಎಸಲ್ಮಾಂಟನನ್ನು ಬಿಡಲು ಹೆಕ್ಟರ್ ಗೇಟಿನವರೆಗೆ ಹೋದ. ಅತಿಥಿಯನ್ನು ಗೇಟಿನವರೆಗೆ ಬಿಟ್ಟು ಬರುವುದು ಕೈಕಾಲಿಗೆ ಅಭ್ಯಾಸವಾಗಿತ್ತು.

"ಮನಸ್ಸು ಹಗುರಾಯ್ತಾ, ಬ್ಯಾಕ್‌ಹಿಲ್?"

"ಖಾಲಿಯಾಯ್ತು."

ಎಸಲ್ಮಾಂಟ್ ಗೇಟಿನ ಮೇಲೆ ಕೈಯಿಟ್ಟು ಸುತ್ತ ನೋಡಿದ. "ಭಾನುವಾರ ರೊಟ್ಟಿ ಹಂಚಬೇಕಾದವನು ನಾನು. ನೆರೆಯವನ ಜೊತೆ ನನಗೂ ಬಾಕಿ ಇರಬಾರದು ನೋಡು. ನಿನ್ನ ಹತ್ತಿರ ಒಂದು ಮಾತು ಹೇಳೋದಿದೆ. ಆ ಸುಲ್ತಾನ್ ಇದ್ನಲ್ಲ, ಅವನು ಕೈಲಾಗದವನು."

"ಅಂದರೆ?"

"ಆಗ್ತಿರಲಿಲ್ಲ ಅವನ ಕೈಲಿ. ನಮ್ಮ ಹಸುಗಳಲ್ಲಿ ಒಂದೂ ಗಬ್ಬ ಕಟ್ಟಲಿಲ್ಲ. ಡಾಕ್ಟರು ಗುಟ್ಟಾಗಿ ನೋಡಿ ಹೇಳಿದರು, ಹುಟ್ಟಿನಿಂದಲೇ ಬೀಜ ಸತ್ತಿದೆ ಅಂತ. ನಿನ್ನ ಗೋಡೆ ದಾಟಿದ್ದು ಹುಲ್ಲು ತಿನ್ನೋಕೆ, ಬ್ಯಾಕ್‌ಹಿಲ್."

ಹೆಕ್ಟರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಳದ ಬಾವಿಗೆ ಬಿದ್ದ ಕಲ್ಲು ನೀರು ಮುಟ್ಟುವಷ್ಟು ಹೊತ್ತು.

"ಹಾಗಾದರೆ ಪುಟ್ಟನ ತಂದೆ..."

"ದೊರೆಯ ಬಿಳಿ ಹೋರಿ. ಕಾಗದದಲ್ಲಿ ಇದ್ದಿದ್ದೆಲ್ಲ ಇದ್ದ ಹಾಗೇ ನಿಜ."

"ಲೀಸ್ಕ್ ಕೇಳಿದ್ರಲ್ಲ ನಿಮ್ಮನ್ನ. ಮುಖಕ್ಕೆ ಮುಖ ಕೊಟ್ಟು ಕೇಳಿದ್ರು."

"ಕೇತ್‌ನೆಸ್‌ನವನಿಗೆ ಅವನನ್ನ ಮಾರಿದ್ದು ಸರಿಯಾದ ಹೋರಿ ಅಂತ, ನನ್ನ ಮಾತಿನ ಮೇಲೆ. ಅದಕ್ಕೇ ನಮ್ಮ ಹಸುಗಳನ್ನೂ ಬರಡು ಅಂದು ಕಟುಕನಿಗೆ ಕೊಟ್ಟೆ. ಒಳ್ಳೇ ಹಸುಗಳು, ಈಗಲೂ ಹೊಟ್ಟೆ ಉರಿಯುತ್ತೆ. ಇಂಥದ್ದನ್ನ ಅಂಗಳದಲ್ಲಿ, ಇಸೀ ಪಿರೀ ಎದುರು ಹೇಳೋಕಾಗುತ್ತಾ? ದೇವರ ಎದುರು ಹೇಳ್ಕೊಂಡಿದೀನಿ. ಈಗ ನಿನಗೂ ಹೇಳಿದೆ. ಬಾಕಿ ತೀರಿತು." ಅವನ ಮುಖದಲ್ಲಿ ನಿಜವಾದ ನೆಮ್ಮದಿಯಿತ್ತು.

"ನಾನು ಲೀಸ್ಕ್‌ಗೆ ಹೇಳ್ತೀನಿ."

"ಹೇಳು. ಗೊತ್ತಿದ್ದೂ ಸುಳ್ಳು ಕಾಗದಕ್ಕೆ ಸಹಿ ಹಾಕಿದೆ ಅಂತ ಈಗ ತಾನೇ ನಾಲ್ಕು ಜನರ ಮುಂದೆ ಒಪ್ಪಿಕೊಂಡವನು ನೀನು. ನಾನು ಸಭೆಯ ಹಿರಿಯ." ಅದನ್ನು ಬೆದರಿಕೆಯ ಹಾಗೆ ಹೇಳಲಿಲ್ಲ, ಹವಾಮಾನ ಹೇಳುವ ಹಾಗೆ ಹೇಳಿದ. ಗೇಟು ತೆರೆದು ಹೊರಗೆ ಹೋಗಿ, ಏನೋ ನೆನಪಾದವನಂತೆ ತಿರುಗಿದ. "ಇನ್ನೊಂದು. ಚಾಕು ಬರೋಕೆ ತಿಂಗಳಿದೆ ಅಲ್ವಾ. ಈ ವರ್ಷದ ನಮ್ಮ ಹೋರಿ ಕುಂಟು ಬಿದ್ದಿದೆ, ಹಸುಗಳು ಕಾಯ್ತಾ ಇವೆ. ನಿನ್ನದರ ತಂದೆ ಕಾಗದದಲ್ಲಿರೋನೇ ಅಂತ ಗೊತ್ತಿರೋನು ಊರಲ್ಲಿ ನಾನೊಬ್ಬನೇ. ಆ ಕಾಲು ನೋಡಿದೆಯಾ, ಲೀಸ್ಕ್ ಏನಂದ ಕೇಳಿದೆಯಾ? ಒಂದೆರಡು ದಿನ ಆ ಕಡೆ ಬಿಡು."

"ಹೋಗಿ, ಮೇನ್ಸ್," ಅಂದ ಹೆಕ್ಟರ್.

ಮೇ ತಿಂಗಳಲ್ಲಿ ಅಲ್ಲಿ ಬೆಳಕು ಬೇಗ ಹೋಗುವುದಿಲ್ಲ. ಊಟವಾದ ಮೇಲೂ ಬೆಟ್ಟದ ಮೇಲೆ ಬಿಸಿಲಿತ್ತು. ಹೆಕ್ಟರ್ ಎಲ್ಲವನ್ನೂ ಟೀನಿಗೆ ಹೇಳಿದ. ಅವಳು ತಟ್ಟೆ ತೊಳೆಯುವುದನ್ನು ನಿಲ್ಲಿಸದೆ ಕೇಳಿದಳು. ಆಗ ಪುಟ್ಟನನ್ನು ಬಿಟ್ಟಿದ್ದ ಮೇಲಿನ ಹುಲ್ಲುಗಾವಲಿನ ಕಡೆಯಿಂದ ಕಲ್ಲಿಗೆ ಕಲ್ಲು ತಾಗಿದ ಸದ್ದು ಬಂತು. ಸ್ವಲ್ಪ ತಡೆದು ಇನ್ನೊಂದು.

ಹೆಕ್ಟರ್ ಓಡಿದ. ಗೋಡೆಯ ಮೇಲಿನ ಸಾಲು, ಎರಡು ವರ್ಷದ ಹಿಂದೆ ತಾನೇ ಕೂರಿಸಿದ ಅವೇ ಕಲ್ಲುಗಳು, ಒಂದೊಂದಾಗಿ ಇಳಿದು ಆಚೆ ಬದಿಯಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ದೂರದಲ್ಲಿ ಇಳಿಜಾರಿನಲ್ಲಿ ಬರೀ ಅಂಗಿಯಲ್ಲಿದ್ದ ಒಬ್ಬ ಮನುಷ್ಯ, ಕರಿಕೋಟು ತೋಳಿನ ಮೇಲೆ ಹಾಕಿಕೊಂಡು, ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ಹೋಗುತ್ತಿದ್ದ. ಗೋಡೆಯ ಆಚೆ ಮೇನ್ಸ್‌ನ ಹಸುಗಳು ತಲೆಯೆತ್ತಿ ನೋಡುತ್ತಿದ್ದವು. ಈಚೆ ಪುಟ್ಟ, ಹೊಟ್ಟೆಯಲ್ಲಿ ಇನ್ನೂ ಇಳಿಯದ ನೀಲಿ, ಕಿವಿಯಲ್ಲಿ ಒಣಗಿದ ರಕ್ತ, ಆ ಸಂದಿನ ಎದುರು ನಿಂತು ಗಾಳಿ ಮೂಸುತ್ತಿತ್ತು.

ಹೆಕ್ಟರ್ ಒಂದು ಕಲ್ಲು ಎತ್ತಿದ. ಎದೆಯವರೆಗೆ ತಂದ. ಹಿಂದಿನಿಂದ ಟೀನಿ ಬಂದು ನಿಂತಳು, ಉಸಿರು ಹತ್ತಿತ್ತು.

"ಬಿಡು ಹೆಕ್ಟರ್," ಅಂದಳು. "ಪುಟ್ಟನಿಗಾದರೂ ಇವತ್ತು ಒಂದು ಒಳ್ಳೇದಾಗಲಿ."

ಹೆಕ್ಟರ್ ಕಲ್ಲು ಕೆಳಗಿಟ್ಟ. ಪುಟ್ಟ ಎಲ್ಲರೂ ನಗಾಡಿದ ಆ ಕಾಲನ್ನು ಎತ್ತಿ, ಗೋಡೆಯನ್ನು ಹೊಸ್ತಿಲು ದಾಟಿದಷ್ಟು ಸುಲಭವಾಗಿ ದಾಟಿತು.

ಭಾನುವಾರ ಚರ್ಚು ತುಂಬಿತ್ತು. ಊರಿಗೆಲ್ಲ ಹೆಕ್ಟರನ ಸುಳ್ಳು ಕಾಗದದ ಕತೆ ಗೊತ್ತಾಗಿತ್ತು. ಪೂರ್ತಿ ಕತೆ ಗೊತ್ತಿದ್ದವರು ಮೂವರೇ. ಕೀರ್ತನೆ ಹಾಡಿ ಮುಗಿದ ಮೇಲೆ, ಬಿಳಿ ಬಟ್ಟೆ ಹಾಸಿದ ಬೆಂಚುಗಳ ಸಾಲಿನಲ್ಲಿ ಎಸಲ್ಮಾಂಟ್ ರೊಟ್ಟಿಯ ತಟ್ಟೆ ಹಿಡಿದು ಮೆಲ್ಲಗೆ ನಡೆದು ಬಂದ. ಕರಿಕೋಟಿನ ಮೇಲೆ ನೀಲಿ ಚುಕ್ಕೆಗಳು ಕಾಣದಷ್ಟು ಚೆನ್ನಾಗಿ ಉಜ್ಜಿದ್ದರು. ಅವನ ಕೈ ಬಂಡೆಯ ಹಾಗೆ ಸ್ಥಿರವಾಗಿತ್ತು. ಹೆಕ್ಟರನ ಮುಂದೆ ತಟ್ಟೆ ಚಾಚಿ, ಕನಿಕರದಿಂದ ತಲೆಯಾಡಿಸಿದ.

ತೆಗೆದುಕೊಳ್ಳಲು ಚಾಚಿದ ಹೆಕ್ಟರನ ಕೈ ಥರಥರ ನಡುಗಿತು. ರೊಟ್ಟಿಯ ಚೂರು ಜಾರಿ ಬಿಳಿ ಬಟ್ಟೆಯ ಮೇಲೆ ಬಿತ್ತು.

ಹಿಂದಿನ ಬೆಂಚಿನಲ್ಲಿ ಇಸೀ ಪಿರೀ ಪಕ್ಕದವಳ ಕಿವಿಗೆ ಬಾಗಿದಳು.

"ನೋಡಿದೆಯಾ ಕೈ ಹೇಗೆ ನಡುಗ್ತಿದೆ," ಅಂದಳು. "ಪಾಪ ಮಾಡಿದವರನ್ನ ಬೇರೆ ಯಾರೂ ಹಿಡೀಬೇಕಾಗಿಲ್ಲ."